ಎರಡನೇ ಪಾವ್‌ಗೆ ಕೈ ಹಾಕುವ ಮುನ್ನ

ಸಂಜೆ ಏಳೂವರೆಗೆ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಿಳಿದರೆ ಮೂಗಿಗೆ ಬಡಿಯುವುದು ವಡೆ ಕರಿಯುವ ಘಮ. ಮಧ್ಯಾಹ್ನ ಒಂದಕ್ಕೆ ಡಬ್ಬಿ ಖಾಲಿಯಾಗಿದೆ, ಮನೆಯೂಟಕ್ಕೆ ಇನ್ನೂ ಎರಡು ಗಂಟೆ. ಈ ಹೊತ್ತಿನಲ್ಲಿ ವಡಾಪಾವ್ ಬೇಡವೆನ್ನಲು ಋಷಿಯೇ ಆಗಬೇಕು. ಶುಗರ್ ಇರುವವರಿಗೂ ಆ ಕಷ್ಟ ಬೇಡ, ತಿನ್ನುವ ಲೆಕ್ಕ ತಿಳಿದರೆ ಸಾಕು.

ನಾವು ಹೆದರುವುದು ಎಣ್ಣೆಯ ವಡೆಗೆ. ಸಕ್ಕರೆಯನ್ನು ಬೇಗ ಏರಿಸುವುದು ಪಾವ್. ಅದು ಮೈದಾದ್ದು, ನಾರು ಹೆಸರಿಗಷ್ಟೇ. ಸುಮಾರು 40 ಗ್ರಾಂ ತೂಗುವ ಪಾವ್‌ನಲ್ಲಿ ಅರ್ಧದಷ್ಟು ಪಿಷ್ಟ. ಅದರ ಮೇಲೆ ವಡೆಯೊಳಗಿನ ಬಟಾಟೆಯ ಪಿಷ್ಟ ಬೇರೆ. ಎಣ್ಣೆ ಹೊಟ್ಟೆ ಖಾಲಿಯಾಗುವುದನ್ನು ತಡಮಾಡುವುದರಿಂದ ಏರಿದ ಸಕ್ಕರೆ ಹೆಚ್ಚು ಹೊತ್ತು ಇಳಿಯದೆ ನಿಲ್ಲಬಹುದು. ಆದ್ದರಿಂದ ತಿಂದ ಅರ್ಧ ಗಂಟೆಗೇ ಬೆರಳು ಚುಚ್ಚಿ ನೋಡಿ ಸಮಾಧಾನಪಡಬೇಡಿ. ಎರಡು ಗಂಟೆಗೆ ನೋಡಿ. ಬಹುತೇಕ ಮಧುಮೇಹಿಗಳಿಗೆ ಆಗ 180ರೊಳಗಿರಬೇಕೆಂಬುದು ಗುರಿ.

ವಡಾಪಾವ್ ಬಿಟ್ಟು ಮಿಸಳ್‌ಗೆ ಬರೋಣ. ಠಾಣೆಯಲ್ಲಿ 1946ರಲ್ಲಿ ನರಸಿಂಹ ಮುರ್ಡೇಶ್ವರ ಅವರು ತಹಸೀಲ್ದಾರ್ ಕಚೇರಿಯ ಬಳಿ ಶುರುಮಾಡಿದ್ದು ಮಾಮ್ಲೇದಾರ್ ಮಿಸಳ್. ಅವರ ಅಡ್ಡಹೆಸರಲ್ಲೇ ನಮ್ಮ ಕರಾವಳಿಯ ಊರಿದೆ. ಮಿಸಳ್‌ನ ತಳದಲ್ಲಿರುವುದು ಬೇಯಿಸಿದ ಕಾಳು. ನಾರು, ಪ್ರೋಟೀನ್ ಎರಡೂ ಇರುವುದರಿಂದ ನಿಧಾನವಾಗಿ ಅರಗುತ್ತದೆ. ಹಾಗಾಗಿ ಮೊದಲು ನಾಲ್ಕು ಚಮಚ ಕಾಳು, ಹಸಿ ಈರುಳ್ಳಿ ತಿನ್ನಿ, ಪಾವ್ ಆಮೇಲೆ ಮುರಿಯಿರಿ. ಮಾಣಿಗೆ ಮೊದಲೇ ಹೇಳಿಬಿಡಿ: “ಭಾವೂ, ಏಕಚ್ ಪಾವ್, ಫರಸಾಣ್ ಕಮೀ” (ಒಂದೇ ಪಾವ್, ಕುರುಕಲು ಕಡಿಮೆ).

ಕಲ್ಯಾಣದ ಉಡುಪಿ ಹೋಟೆಲಿನಲ್ಲೂ ಇದೇ ನ್ಯಾಯ. ಇಡ್ಲಿ ಹಬೆಯಲ್ಲಿ ಬೆಂದದ್ದೆಂದು ನಾಲ್ಕು ಇಳಿಸಿದರೆ ಅದು ಅನ್ನವೇ. ಎರಡು ಇಡ್ಲಿಗೆ ಒಂದು ಬಟ್ಟಲು ತರಕಾರಿ ಸಾಂಬಾರ್ ಇರಲಿ. ವಾಶಿಯ ಮಾಲ್‌ನಲ್ಲಿ ಬರ್ಗರ್ ತಿನ್ನಿ, ಜೊತೆಗೆ ಬರುವ ಫ್ರೈಸ್, ಕೋಲಾ ಬಿಡಿ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂ ದಾಟುವ ಸಕ್ಕರೆಯಿದೆ, ಜಗಿಯುವ ಕೆಲಸವೂ ಇಲ್ಲದೆ ನೇರ ರಕ್ತಕ್ಕೆ ಸೇರುತ್ತದೆ. ಕಬ್ಬಿನ ಹಾಲೂ ಅದೇ ಜಾತಿ. ಬಾಯಾರಿದರೆ ಉಪ್ಪು ಮಜ್ಜಿಗೆ, ಕಟಿಂಗ್ ಚಾ ಬೇಕೆನಿಸಿದರೆ ಸಕ್ಕರೆಯಿಲ್ಲದ್ದು.

ತಿಂದ ಮೇಲೆ ಶೇರ್ ರಿಕ್ಷಾದ ಸಾಲಿಗೆ ನಿಲ್ಲದೆ ಹದಿನೈದು ನಿಮಿಷ ನಡೆದು ಹೋಗಿ. ದುಡಿಯುವ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ದಾರಿ ಕಾಯದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಊಟ ತಪ್ಪಿಸುವುದಾಗಲಿ, ಪಿಷ್ಟವನ್ನು ಒಮ್ಮೆಲೇ ಕಡಿತಗೊಳಿಸುವುದಾಗಲಿ ವೈದ್ಯರನ್ನು ಕೇಳದೆ ಮಾಡಬಾರದು. ಲೋಕಲ್‌ನ ನೂಕುನುಗ್ಗಲಲ್ಲಿ ಕೈ ನಡುಗಿ, ಬೆವರಿ, ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಕ್ಷಣ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಚಮಚ ಸಕ್ಕರೆ ಬೇಕು. ಬ್ಯಾಗಿನಲ್ಲೊಂದು ಪೊಟ್ಟಣ ಇರಲಿ.

ಕೊನೆಗೊಂದು ಮಾತು: ವಡಾಪಾವ್ ತಿಂದದ್ದನ್ನು ಮನೆಯಲ್ಲಿ ಮುಚ್ಚಿಡಬೇಡಿ. ಗೊತ್ತಿದ್ದರೆ ತಾನೇ ರಾತ್ರಿ ಒಂದು ಚಪಾತಿ ಕಡಿಮೆ ಬಡಿಸುವುದು!