ತಿಪ್ಪೆ ಬೇರೆ, ಕಸದ ಗುಂಡಿ ಬೇರೆ

ನಮ್ಮ ಪಕ್ಕದ ಹೊಲದವರ ಜಮೀನಿನಲ್ಲಿ ಒಂದು ಹಳೇ ಕಲ್ಲುಗಣಿ ಇದೆ. ಚಪ್ಪಡಿ ತೆಗೆದು ತೆಗೆದು ನಾಲ್ಕಾಳು ಆಳ ಆಗಿದೆ. ಮಳೆಗಾಲದಲ್ಲಿ ನೀರು ನಿಲ್ಲುತ್ತೆ, ಬೇಸಿಗೆಯಲ್ಲಿ ಮುಳ್ಳುಗಿಡ. ಅದರಿಂದ ಒಂದು ಕಾಸಿನ ಹುಟ್ಟುವಳಿ ಇಲ್ಲ. ಈಚೆಗೆ ಯಾರೋ ಬಂದು, "ಬೆಂಗಳೂರಿನ ಕಸ ತಂದು ಗುಂಡಿ ತುಂಬಿಸಿ, ಮೇಲೆ ಮಣ್ಣು ಹರಡಿ ಕೊಡ್ತೀವಿ. ಲೋಡಿಗೆ ಇಷ್ಟು ಅಂತ ದುಡ್ಡೂ ಕೊಡ್ತೀವಿ. ನಾಳೆ ಅದೇ ಗೊಬ್ಬರ ಆಗುತ್ತೆ" ಅಂದರಂತೆ. ನೆರೆಯವರು ನನ್ನ ಹತ್ತಿರ ಬಂದು ಕೇಳಿದರು: "ಏನ್ ಮಾವ, ಹೂಂ ಅಂದುಬಿಡಲಾ?"

ನಾನು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಎಂಟು ದಿನ ತಡಿ" ಅಂದೆ. ಕನಕಪುರದ ಕಡೆ ಮಳೆ ನಂಬಿ ರಾಗಿ, ಅವರೆ, ತೊಗರಿ ಬೆಳೆಯುವವರು ನಾವು. ಗೊಬ್ಬರ ಅಂದರೆ ಬಾಯಿ ಬಿಡುತ್ತೇವೆ. ಆದರೆ ನನಗೆ ಒಂದು ಸಲ ಕೈ ಸುಟ್ಟಿದೆ.

ಸುಟ್ಟ ಕೈ

ಹದಿನೈದು ವರ್ಷದ ಹಿಂದಿನ ಮಾತು. ದನ ಕಡಿಮೆಯಾಗಿ ಕೊಟ್ಟಿಗೆ ಗೊಬ್ಬರ ಸಾಲದಾಗಿತ್ತು. ಒಬ್ಬರು "ಪೇಟೆ ಗೊಬ್ಬರ" ಅಂತ ನಾಲ್ಕು ಟ್ರೈಲರ್ ತಂದು ಹೊಲದಲ್ಲಿ ಸುರಿದರು. ಕಪ್ಪಗಿತ್ತು, ಅಗ್ಗವಾಗಿತ್ತು. ಹರಡಿದೆ, ಉತ್ತೆ. ಮೊದಲ ಮಳೆ ಬಿದ್ದು ಮಣ್ಣು ತೊಳೆದಾಗ ನೋಡಿದರೆ ಹೊಲ ತುಂಬ ಪ್ಲಾಸ್ಟಿಕ್ ಚೂರು, ಗಾಜು, ಬ್ಲೇಡು, ಸೂಜಿ, ಸೆಲ್ಲು. ಕಳೆ ಕೀಳಲು ಬಂದ ಹೆಣ್ಣಾಳು ಒಬ್ಬರ ಅಂಗೈ ಸೀಳಿತು. ಮಾರನೇ ದಿನ ಆ ಹೊಲಕ್ಕೆ ಯಾರೂ ಕೂಲಿಗೆ ಬರಲಿಲ್ಲ. ಇವತ್ತಿಗೂ ಕುಂಟೆ ಹೊಡೆದರೆ ಹಲ್ಲಿಗೆ ಪ್ಲಾಸ್ಟಿಕ್ ಸಿಗುತ್ತೆ. ಅಂದು ನಾನು ಕೊಂಡದ್ದು ಗೊಬ್ಬರ ಅಲ್ಲ, ಕಸ. ಎರಡಕ್ಕೂ ಇರುವ ವ್ಯತ್ಯಾಸ ಕಾನೂನಿನಲ್ಲೇ ಬರೆದಿದೆ ಅಂತ ಆಗ ಗೊತ್ತಿರಲಿಲ್ಲ.

ತ್ಯಾಗರಾಜನಗರದ ಬೆಳಗ್ಗೆ

ನನ್ನ ಮಗಳು ಇರುವುದು ಬೆಂಗಳೂರಿನ ತ್ಯಾಗರಾಜನಗರದಲ್ಲಿ. ಕಸ ಹುಟ್ಟುವ ಜಾಗದಿಂದಲೇ ನೋಡೋಣ ಅಂತ ಅಲ್ಲಿಗೆ ಹೋದೆ. ಬೆಳಗ್ಗೆ ಆಟೋ ಟಿಪ್ಪರ್ ಬಂತು. ಮಗಳು ಹಸಿರು ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಬಾಡಿದ ಹೂವು ಒಯ್ದಳು. ಕಾಗದ, ಹಾಲಿನ ಕವರು, ಬಾಟಲಿ ಬೇರೆ ಚೀಲದಲ್ಲಿ. ಮಗುವಿನ ಡೈಪರು ಕೆಂಪು ಬಕೆಟ್ಟಿನಲ್ಲಿ. ಎದುರು ಮನೆಯವರು ಮಾತ್ರ ಎಲ್ಲಾ ಒಂದೇ ಕವರಿಗೆ ತುಂಬಿ ಗಂಟು ಹಾಕಿ ತಂದರು. ಪೌರಕಾರ್ಮಿಕ ಹೆಂಗಸು ಆ ಗಂಟು ಬಿಚ್ಚಿ ಬರಿಗೈಲಿ ಬೇರೆ ಮಾಡುತ್ತಿದ್ದಳು.

"ಯಾಕಮ್ಮ ಅಷ್ಟು ಕಷ್ಟ?" ಅಂದೆ. "ಇಲ್ಲಿ ಬಿಡಿಸದಿದ್ರೆ ಮುಂದೆ ಯಾರೂ ಬಿಡಿಸಲ್ಲ ಯಜಮಾನ್ರೆ. ಬೆರೆತದ್ದು ಯಾವುದಕ್ಕೂ ಆಗಲ್ಲ" ಅಂದಳು. ಇಡೀ ಕಾಯಿದೆಯ ಸಾರ ಅಷ್ಟೇ. ಉಳಿದದ್ದನ್ನು ಅಳಿಯ ಕೂತು ಓದಿ ಹೇಳಿದ, ನಾನು ಬರೆದುಕೊಂಡೆ.

ಕಸಕ್ಕೂ ಜಾತಿ ಇದೆ

ಊರಿನ ಕಸ ಎಲ್ಲಿ, ಹೇಗೆ ಹಾಕಬೇಕು ಅನ್ನುವುದಕ್ಕೆ ನಮ್ಮ ದೇಶದಲ್ಲಿ ಬಹಳ ಕಾಲ ಬೇರೆಯದೇ ಆದ ನಿಯಮ ಇರಲಿಲ್ಲ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ ಮೇಲೆ, 2000ದಲ್ಲಿ ಮೊದಲ ನಿಯಮ ಬಂತು. 2016ರಲ್ಲಿ ಅದನ್ನು ಬದಲಿಸಿ ಘನತ್ಯಾಜ್ಯ ನಿರ್ವಹಣಾ ನಿಯಮ ಮಾಡಿದರು. ಈಗ ಅದರ ಜಾಗಕ್ಕೆ 2026ರ ನಿಯಮ ಬಂದಿದೆ, ಏಪ್ರಿಲ್ 1ರಿಂದ ಜಾರಿ. ಇದರ ಪ್ರಕಾರ ಮನೆಯಲ್ಲೇ ಕಸವನ್ನು ನಾಲ್ಕು ಭಾಗ ಮಾಡಬೇಕು.

ಒಂದು, ಹಸಿ ಕಸ. ಸಿಪ್ಪೆ, ಅನ್ನ, ಹೂವು, ಮಾಂಸದ ಚೂರು, ಕೊಳೆತು ಮಣ್ಣಾಗುವಂಥದ್ದು.

ಎರಡು, ಒಣ ಕಸ. ಕಾಗದ, ಪ್ಲಾಸ್ಟಿಕ್, ಗಾಜು, ಲೋಹ. ಮತ್ತೆ ಬಳಕೆಗೆ ಬರುವಂಥದ್ದು.

ಮೂರು, ಡೈಪರು, ಪ್ಯಾಡಿನಂಥ ನೈರ್ಮಲ್ಯದ ಕಸ.

ನಾಲ್ಕು, ಜೋಪಾನ ಮಾಡಬೇಕಾದ ವಿಶೇಷ ಕಸ. ಬಣ್ಣದ ಡಬ್ಬಿ, ಬಲ್ಬು, ಪಾದರಸದ ಥರ್ಮಾಮೀಟರು, ಹಳೇ ಔಷಧಿ.

2016ರ ನಿಯಮದಲ್ಲಿ ಮನೆಯ ಅಪಾಯಕಾರಿ ಕಸದ ಪಟ್ಟಿಯೊಳಗೆ ಕೀಟನಾಶಕದ ಡಬ್ಬಿಯ ಹೆಸರೂ ಇತ್ತು. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಅವರೆಗೆ ಔಷಧಿ ಹೊಡೆದು ಖಾಲಿ ಬಾಟಲಿಯನ್ನು ಬದುವಿಗೆ ಎಸೆಯುವವರು ನಾವೇ ಅಲ್ಲವೇ? ಪೇಟೆಯವರನ್ನು ಮಾತ್ರ ಬೈದರೆ ಆಗಲಿಲ್ಲ.

ಆಸ್ಪತ್ರೆ ಕಸ, ಕಾರ್ಖಾನೆಯ ವಿಷದ ಕಸ, ಎಲೆಕ್ಟ್ರಾನಿಕ್ ಕಸ, ಬ್ಯಾಟರಿ, ಕಟ್ಟಡ ಒಡೆದ ಮಣ್ಣು ಕಲ್ಲು, ಇವಕ್ಕೆಲ್ಲ ಬೇರೆ ಬೇರೆ ನಿಯಮಗಳಿವೆ. ಊರ ಕಸದ ಲಾರಿಯಲ್ಲಿ ಇವು ಬರಲೇಕೂಡದು. ಬಂದರೆ ಅದೇ ತಪ್ಪು.

ಯಾವ ಕಸ ಎಲ್ಲಿಗೆ?

ಕಸದ ಜಾಗಗಳಲ್ಲೂ ಬಗೆ ಇದೆ. ಹೆಸರು ಗೊತ್ತಿಲ್ಲದಿದ್ದರೆ ನಮಗೆ ಎಲ್ಲಾ ಒಂದೇ "ಕಸದ ಘಟಕ".

ಹಸಿ ಕಸ ಹೋಗಬೇಕಾದ್ದು ಕಾಂಪೋಸ್ಟ್ ಘಟಕಕ್ಕೆ ಅಥವಾ ಗೋಬರ್ ಗ್ಯಾಸಿನಂತೆ ಅನಿಲ ತೆಗೆಯುವ ಘಟಕಕ್ಕೆ. ಬೆಂಗಳೂರಿಗೆ ಇದು ಹೊಸದಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾಗಿದ್ದೇ 1975ರಲ್ಲಿ. ಒಣ ಕಸ ಹೋಗಬೇಕಾದ್ದು ವಿಂಗಡಣೆ ಕೇಂದ್ರಕ್ಕೆ, ಅಲ್ಲಿಂದ ಗುಜರಿಗೆ. ಇದಕ್ಕೂ ಆಗದ, ಅದಕ್ಕೂ ಆಗದ ಉಳಿಕೆ ಮಾತ್ರ ಭೂಮಿಗೆ ಹಾಕುವಂಥದ್ದು.

ಆ ಭೂಮಿಯಲ್ಲೂ ಎರಡು ಬಗೆ. ಒಂದಕ್ಕೆ ಸ್ಯಾನಿಟರಿ ಲ್ಯಾಂಡ್‌ಫಿಲ್ ಅನ್ನುತ್ತಾರೆ. ಇನ್ನೊಂದು ಬರೀ ಡಂಪ್ ಯಾರ್ಡ್, ಸುರಿಯುವ ಜಾಗ. 2016ರ ನಿಯಮ ಇವೆರಡಕ್ಕೂ ಬೇರೆ ಬೇರೆ ಅರ್ಥ ಬರೆದಿತ್ತು. ಲ್ಯಾಂಡ್‌ಫಿಲ್ ಅಂದರೆ ನೀರು, ಗಾಳಿ, ಬೆಂಕಿ, ನಾಯಿ, ಹದ್ದು, ಇಲಿ, ವಾಸನೆ ಎಲ್ಲಕ್ಕೂ ರಕ್ಷಣೆ ಮಾಡಿ ಕಟ್ಟಿದ್ದು. ಆ ಕಟ್ಟುಪಾಡು ಪಾಲಿಸದೆ ಸುರಿದದ್ದು ಡಂಪ್.

ಕಟ್ಟುಪಾಡು ಎಂಥದ್ದು? ತಳಕ್ಕೆ 90 ಸೆಂಟಿಮೀಟರ್ ಜೇಡಿಮಣ್ಣು ಬಡಿಯಬೇಕು. ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ. ಅಂತರ್ಜಲ ತಳದಿಂದ ಕನಿಷ್ಠ 2 ಮೀಟರ್ ಕೆಳಗಿರಬೇಕು. ಕಸದಿಂದ ಸೋರುವ ಕಪ್ಪು ನೀರನ್ನು ಹಿಡಿದು ಶುದ್ಧ ಮಾಡಬೇಕು. ದಿನದ ಕೆಲಸ ಮುಗಿದಾಗ ಕಸದ ಮೇಲೆ ಮಣ್ಣು ಮುಚ್ಚಬೇಕು. ಕೆರೆ ಕುಂಟೆಯಿಂದ 200 ಮೀಟರ್, ನದಿಯಿಂದ 100 ಮೀಟರ್, ಮನೆ, ಹೆದ್ದಾರಿ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು. ಗುಂಡಿ ತುಂಬಿ ಮುಚ್ಚಿದ ಮೇಲೂ 15 ವರ್ಷ ಅಲ್ಲಿನ ನೀರು, ಅನಿಲ ನೋಡಿಕೊಳ್ಳಬೇಕು. ಇವೆಲ್ಲ 2016ರ ನಿಯಮದಲ್ಲಿ ಬರೆದದ್ದು.

ನೆರೆಯವರ ಗಣಿಗೆ ಬಂದವರು ಇದರಲ್ಲಿ ಯಾವುದನ್ನೂ ಹೇಳಿರಲಿಲ್ಲ. "ಮೇಲೆ ಮಣ್ಣು ಹರಡ್ತೀವಿ" ಅಂದಿದ್ದರು. ಮೇಲಿನ ಮಣ್ಣಿನಿಂದ ವಾಸನೆ ಕಡಿಮೆಯಾಗಬಹುದು. ಕೆಡುವುದು ತಳದಲ್ಲಿ.

ತಳದಲ್ಲಿ ಏನಾಗುತ್ತೆ

ನಮ್ಮ ತಿಪ್ಪೆಯನ್ನೇ ನೋಡಿ. ಮಳೆಗಾಲದಲ್ಲಿ ತಿಪ್ಪೆಯ ಬುಡದಿಂದ ಕಂದು ನೀರು ಜಿನುಗುತ್ತೆ. ಅದು ಸಗಣಿ, ಗಂಜಲದ ಸಾರ. ಹೊಲಕ್ಕೆ ಹರಿದರೆ ಲಾಭವೇ. ಬೆರಕೆ ಕಸದ ರಾಶಿಯಿಂದಲೂ ಹಾಗೇ ನೀರು ಇಳಿಯುತ್ತೆ. ಆದರೆ ಅದರಲ್ಲಿ ಸೆಲ್ಲಿನದ್ದು, ಬಣ್ಣದ್ದು, ಟ್ಯೂಬ್‌ಲೈಟಿನದ್ದು, ಔಷಧಿಯದ್ದು ಎಲ್ಲಾ ಸೇರಿರುತ್ತೆ. ನಮ್ಮ ಕಡೆ ಬೋರ್‌ವೆಲ್ಲಿಗೆ ನೀರು ಬರುವುದು ಬಂಡೆಯ ಬಿರುಕಿನಿಂದ. ಗಣಿಯ ತಳವೂ ಅದೇ ಬಂಡೆ, ಅದೇ ಬಿರುಕು. ಮದ್ದಿಟ್ಟು ಸಿಡಿಸಿದ ಬಂಡೆಯಲ್ಲಿ ಬಿರುಕು ಇನ್ನೂ ಹೆಚ್ಚು. ಜೇಡಿಮಣ್ಣಿಲ್ಲದ ಗಣಿಗೆ ಕಸ ಸುರಿಯುವುದು ಅಂದರೆ ಬೋರ್‌ವೆಲ್ಲಿನ ಬಾಯಿಗೇ ಸುರಿದಂತೆ.

ಇದು ಬರೀ ಹೆದರಿಕೆ ಮಾತಲ್ಲ. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ಬೆಂಗಳೂರಿನ ಕಸ ಹಾಕಿದರು. ಊರವರು ನೀರು ಕೆಟ್ಟಿತು ಅಂತ ಹೋರಾಡಿದರು. 2012ರ ಜುಲೈನಲ್ಲಿ ಅದು ನಿಂತಿತು. ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ರಾಶಿ ಬಿತ್ತು. ಆ ಹೊರೆ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನವರೂ ಲಾರಿಗಳಿಗೆ ಅಡ್ಡ ಕೂತರು. ಆ ವರ್ಷ ಡಿಸೆಂಬರ್ 1ರಿಂದ ಅಲ್ಲೂ ನಿಂತಿತು. ಪೇಟೆಯ ಮನೆಗಳಲ್ಲಿ ಕಸ ಬೇರೆ ಮಾಡಲೇಬೇಕು ಅಂತ ಹೈಕೋರ್ಟು 2012ರಲ್ಲಿ ಆದೇಶ ಕೊಟ್ಟಿತು. ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದ್ದು 2015ರ ಡಿಸೆಂಬರಿನಲ್ಲಿ. ಮಗಳ ಮನೆಯ ಹಸಿರು ಬಕೆಟ್ಟು, ಕೆಂಪು ಬಕೆಟ್ಟು ಬಂದದ್ದು ಹಾಗೆ. ಅದರ ಹಿಂದೆ ಹಳ್ಳಿಯವರ ಕಣ್ಣೀರು ಇದೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಹಾಗಾದರೆ ಪೇಟೆ ಗೊಬ್ಬರವೇ ಬೇಡವೇ?

ಹಾಗಲ್ಲ. ಬೇರೆ ಮಾಡಿದ ಹಸಿ ಕಸದಿಂದ ಆದ ಕಾಂಪೋಸ್ಟು ಒಳ್ಳೆಯದೇ. ಪೇಟೆಗೆ ಹೋದ ನಮ್ಮ ಸೊಪ್ಪು ತರಕಾರಿಯ ಸಾರ ಮತ್ತೆ ನಮ್ಮ ಹೊಲಕ್ಕೇ ಬರಬೇಕು, ಅದು ನ್ಯಾಯ. ಆದರೆ ನೋಡಿ ಕೊಳ್ಳಬೇಕು.

ಪೇಟೆ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆಜ್ಞೆಯಲ್ಲಿ ಮಟ್ಟ ಗೊತ್ತು ಮಾಡಿದ್ದಾರೆ. ಸಾವಯವ ಇಂಗಾಲ ಕನಿಷ್ಠ ಶೇಕಡ 12 ಇರಬೇಕು. ಒಂದು ಕಿಲೋ ಗೊಬ್ಬರದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ, ಪಾದರಸ 0.15 ಮಿಲಿಗ್ರಾಂ ಮೀರಬಾರದು. ಮೀರಿದ್ದನ್ನು ಊಟದ ಬೆಳೆಗೆ ಹಾಕಬಾರದು ಅಂತ 2000ದ ನಿಯಮದಲ್ಲೇ ಇತ್ತು. ಸೀಸ ಕಣ್ಣಿಗೆ ಕಾಣೋಲ್ಲ, ಮೂಗಿಗೆ ಬಡಿಯೋಲ್ಲ. ಮಣ್ಣಿಗೆ ಒಮ್ಮೆ ಸೇರಿದರೆ ತೆಗೆಯುವ ದಾರಿಯೂ ಸುಲಭ ಇಲ್ಲ. ಆದ್ದರಿಂದ ಪರೀಕ್ಷೆಯ ಚೀಟಿ ಕೇಳಬೇಕು.

ಚೀಟಿ ಇಲ್ಲದೆ ಸಡಿಲವಾಗಿ ಟ್ರೈಲರಿನಲ್ಲಿ ಬಂದದ್ದಾದರೆ ನಾನು ಮೂರು ಕೆಲಸ ಮಾಡುತ್ತೇನೆ. ಒಂದು ಮಂಕರಿ ತೆಗೆದು ಸಣ್ಣ ಜರಡಿಯಲ್ಲಿ ಜಾಲಿಸುತ್ತೇನೆ. ಕೈ ಹಾಕಿ ಬಿಸಿ ಇದೆಯೇ ನೋಡುತ್ತೇನೆ. ಬಿಸಿ ಇದ್ದರೆ ಇನ್ನೂ ಕಳಿತಿಲ್ಲ. ಮೂಸುತ್ತೇನೆ, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು, ಕೊಳಕು ನಾರಬಾರದು. ಜರಡಿಯ ಮೇಲೆ ಗಾಜು, ಪ್ಲಾಸ್ಟಿಕ್ ಉಳಿದರೆ ಟ್ರೈಲರನ್ನು ಇಳಿಸಗೊಡುವುದಿಲ್ಲ. ಈ ಮೂರೂ ಪಾಸಾದರೂ ಸೀಸ ಇಲ್ಲ ಅಂತ ಅರ್ಥವಲ್ಲ, ನೆನಪಿರಲಿ.

ಬಂದವರನ್ನು ಕೇಳಬೇಕಾದ್ದು

ನಿಮ್ಮ ಊರಿಗೂ ಇಂಥವರು ಬರಬಹುದು. ಜಗಳ ಬೇಡ, ಕೇಳಿ. ಬರುವುದು ಯಾವ ಬಗೆಯ ಕಸ, ಬೇರೆ ಮಾಡಿದ್ದೋ ಬೆರಕೆಯೋ? ಮಾಡುವುದು ಕಾಂಪೋಸ್ಟ್ ಘಟಕವೋ, ಲ್ಯಾಂಡ್‌ಫಿಲ್ಲೋ, ಸುಮ್ಮನೆ ಸುರಿಯುವುದೋ? ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಎಲ್ಲಿ? ಪಂಚಾಯ್ತಿಗೆ ತಿಳಿಸಿದ್ದೀರಾ? ತಳಕ್ಕೆ ಏನು ಹಾಕುತ್ತೀರಿ? ಸೋರಿದ ನೀರು ಎಲ್ಲಿಗೆ ಹೋಗುತ್ತೆ? ಕೆಲಸ ಶುರುವಾಗುವ ಮುಂಚೆ ಅಕ್ಕಪಕ್ಕದ ಬಾವಿಗಳ ನೀರು ಪರೀಕ್ಷೆ ಮಾಡಿಸಿದ್ದೀರಾ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಕೊಡಿ ಅನ್ನಿ.

ಊರಿಗೆ ಬಂದು ನೆರೆಯವರಿಗೆ ಇದನ್ನೆಲ್ಲ ಹೇಳಿದೆ. ಅವರು ಕೂತು ಕೇಳಿ, "ಲೋಡಿಗೆ ದುಡ್ಡು ಕೊಡ್ತಾರಲ್ಲ ಮಾವ, ಮಗಳ ಮದುವೆ ಸಾಲ ಹಾಗೇ ಇದೆ" ಅಂದರು. ಅದು ಸುಳ್ಳಲ್ಲ. ಅವರಿಗೆ ಬುದ್ಧಿ ಹೇಳುವುದು ನನಗೆ ಸುಲಭ, ಸಾಲ ತೀರಿಸುವವರು ಅವರು. ನಾನು ಇನ್ನೇನೂ ಅನ್ನದೆ ಹಗ್ಗ ತಂದೆ. ಇಬ್ಬರೂ ಸೇರಿ ಗಣಿಯ ಅಂಚಿನಿಂದ ಊರಿನ ಕುಡಿಯುವ ನೀರಿನ ಬೋರ್‌ವೆಲ್ಲಿಗೆ ಅಳೆದೆವು. ತೊಂಬತ್ತು ಮಾರು ಬಂತು. ಮೀಟರಿನ ಲೆಕ್ಕಕ್ಕೆ ನೂರ ಅರವತ್ತರ ಆಸುಪಾಸು, ಇನ್ನೂರು ಆಗಲಿಲ್ಲ. ಬೋರ್‌ವೆಲ್ ಇರುವುದು ಇಳಿಜಾರಿನ ಕೆಳಗೆ. ಅಲ್ಲಿ ಅವರ ಸೊಸೆಯೇ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು.

ಅವರು ಹಗ್ಗ ಸುತ್ತುತ್ತಾ, "ಬೇಡ ಅಂತ ಹೇಳಿಬಿಡ್ತೀನಿ ಬಿಡು ಮಾವ" ಅಂದರು. ಈಗ ಆ ಗಣಿಗೆ ಹೊಲದ ಕಾಲುವೆ ತಿರುಗಿಸಿ ಮಳೆ ನೀರು ಇಂಗಿಸಿದರೆ ಹೇಗೆ ಅಂತ ಇಬ್ಬರೂ ಯೋಚಿಸುತ್ತಿದ್ದೇವೆ. ಸಾಲ ತೀರುವಷ್ಟು ದುಡ್ಡು ಅದರಿಂದ ಬರುವುದಿಲ್ಲ. ಬೋರ್‌ವೆಲ್ಲಿಗೆ ನಾಲ್ಕು ಬಿಂದಿಗೆ ಹೆಚ್ಚು ಬರಬಹುದು. ಯಾರಾದರೂ ಹಳೇ ಗಣಿಯಲ್ಲಿ ಹೀಗೆ ಮಾಡಿ ನೋಡಿದ್ದರೆ ದಯಮಾಡಿ ಪತ್ರಿಕೆಗೆ ಬರೆಯಿರಿ.