ಎಂಜಿನ್ನಿನ ಗೂಡೂ ಪುಟ್ಟಿಯೂ

ಮೋಟಾರು ಕಾರಿನ ಮುಂಭಾಗದ ಮುಚ್ಚಳವನ್ನೆತ್ತಿದರೆ ಕಾಣುವ ಎಂಜಿನ್ನಿನ ಗೂಡು ನೋಡಲು ಅಷ್ಟೇನೂ ಚೆಲುವಾದುದಲ್ಲ. ತಗಡಿಗೆ ತಗಡು ಕೂಡಿಸಿದ ಅಂಚುಗಳು, ತಂತಿಗಳಿಗಾಗಿ ಕೊರೆದ ತೂತುಗಳು, ಬ್ಯಾಟರಿಯ ಆಮ್ಲ ತಿಂದ ಗುಳಿಗಳು ಅಲ್ಲಿ ತುಂಬಿರುತ್ತವೆ. ಹಳೆಯ ಕಾರುಗಳನ್ನು ಆಸಕ್ತಿಯಿಂದ ಹೊಸತು ಮಾಡುವವರು ಬೇಡವಾದ ತೂತುಗಳನ್ನು ಮುಚ್ಚಿ, ಗೋಡೆಗಳನ್ನು ಕನ್ನಡಿಯಂತೆ ನಯಗೊಳಿಸಿ ಬಣ್ಣ ಹಚ್ಚುವುದುಂಟು. ಈ ಕಾರ್ಯದಲ್ಲಿ ನೆರವಾಗುವ ವಸ್ತುವೇ ಪುಟ್ಟಿ. ಶಾಲೆ ಮುಗಿಸಿ ಗ್ಯಾರೇಜು ಸೇರಬಯಸುವ ಹುಡುಗರಿಗೂ, ಹಳೆಯ ಕಾರು ಕೊಳ್ಳಹೊರಟ ಪೋಷಕರಿಗೂ ಅದರ ಗುಣದೋಷಗಳು ತಿಳಿದಿರಬೇಕೆಂದು ಈ ವಿಷಯವನ್ನೆತ್ತಿಕೊಂಡಿದ್ದೇವೆ.

1950ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ಯಾರಿಸ್ ಸೋದರರಂತಹ ಕುಶಲಿಗಳು ಕಾರುಗಳ ರೂಪವನ್ನೇ ಬದಲಿಸುವಾಗ ಸೀಸ-ತವರಗಳ ಮಿಶ್ರಣವನ್ನು ಕಾಯಿಸಿ ಬಳಿಯುತ್ತಿದ್ದರು. ಸೀಸವು ವಿಷ, ಅದನ್ನು ಬಳಿಯಲು ನುರಿತ ಕೈಯೂ ಬೇಕು. ಆ ದಶಕದಲ್ಲಿಯೇ ಬಂದ ಪಾಲಿಯೆಸ್ಟರ್ ಪುಟ್ಟಿಯು ಅದರ ಸ್ಥಾನವನ್ನು ಬಹುಮಟ್ಟಿಗೆ ಪಡೆಯಿತು. ಪಾಲಿಯೆಸ್ಟರ್ ರಾಳದಲ್ಲಿ ಬಳಪದ ಕಲ್ಲಿನ ನುಣ್ಣನೆಯ ಹುಡಿಯನ್ನು ಕಲಸಿದ ಲೇಪವಿದು. ನೂರು ಪಾಲಿಗೆ ಸುಮಾರು ಎರಡು ಪಾಲು ಗಟ್ಟಿಕಾರಕವನ್ನು ಬೆರೆಸಿದೊಡನೆ ಕೆಲವೇ ನಿಮಿಷಗಳಲ್ಲಿ ಬಿಗಿಯತೊಡಗುತ್ತದೆ. ಬೇಸಗೆಯಲ್ಲಿ ಇನ್ನೂ ಬೇಗ. ಆತುರದಿಂದ ಗಟ್ಟಿಕಾರಕವನ್ನು ಹೆಚ್ಚಿಸಿದರೆ ಮುಂದೆ ಬಣ್ಣದ ಮೇಲೆ ಕಲೆ ಮೂಡುತ್ತದೆ.

ಆದರೆ ಪುಟ್ಟಿಯು ತಗಡನ್ನು ನಯಗೊಳಿಸೀತೇ ಹೊರತು ತಗಡಿನ ಸ್ಥಾನದಲ್ಲಿ ನಿಲ್ಲಲಾರದು. ತೂತು ಬಿದ್ದ ತಪ್ಪಲೆಗೆ ಮೇಣ ಮೆತ್ತಿ ಒಲೆಯ ಮೇಲಿಟ್ಟರೆ ಏನಾದೀತೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಎಂಜಿನ್ನಿನ ಗೂಡೂ ಒಂದು ಬಗೆಯ ಒಲೆಯೇ. ಓಡುವಾಗ ಕಾಯುತ್ತದೆ, ನಿಂತಾಗ ಆರುತ್ತದೆ. ಉಕ್ಕು ಹಿಗ್ಗುವ ಪ್ರಮಾಣ ಬೇರೆ, ರಾಳ ಹಿಗ್ಗುವ ಪ್ರಮಾಣ ಬೇರೆ. ಇದರ ಮೇಲೆ ಎಡೆಬಿಡದ ನಡುಕ. ತೂತಿಗೆ ಬರಿಯ ಪುಟ್ಟಿ ತುಂಬಿದರೆ ಹಿಂಬದಿಯಿಂದ ತೇವವನ್ನು ಹೀರಿ, ಅಡಿಯಲ್ಲಿ ತುಕ್ಕು ಹಿಡಿದು, ಕೊನೆಗೆ ಬಿರುಕು ಬಿಟ್ಟು ಕಳಚಿ ಬೀಳುತ್ತದೆ. ಆದುದರಿಂದ ತೂತಿಗೆ ಅಷ್ಟೇ ದಪ್ಪದ ಉಕ್ಕಿನ ತುಂಡನ್ನಿಟ್ಟು ವೆಲ್ಡು ಮಾಡಿಸಬೇಕು. ಒಂದೇ ಗೆರೆಯಾಗಿ ವೆಲ್ಡು ಎಳೆದರೆ ತಗಡು ಸೊಟ್ಟಗಾಗುವುದು. ಚುಕ್ಕೆಚುಕ್ಕೆಯಾಗಿ ಇಟ್ಟು, ನಡುನಡುವೆ ಆರಗೊಡಬೇಕು.

ತರುವಾಯ ಬಣ್ಣ, ತುಕ್ಕು, ಎಣ್ಣೆಗಳನ್ನು ತೆಗೆದು, 80ನೆಯ ಅಂಕದ ಮರಳುಕಾಗದದಿಂದ ತಗಡನ್ನು ಒರಟುಗೊಳಿಸಿ, ಪುಟ್ಟಿಯನ್ನು ತೆಳ್ಳಗೆ ಬಳಿಯತಕ್ಕುದು. ಗಟ್ಟಿಯಾದ ಮೇಲೆ 80, 180, 320 ಹೀಗೆ ಕ್ರಮವಾಗಿ ನಯವಾದ ಕಾಗದಗಳಿಂದ ಒಣದಾಗಿಯೇ ಉಜ್ಜಬೇಕು. ನೀರು ಸೋಂಕಿದರೆ ಪುಟ್ಟಿ ಹೀರಿಕೊಳ್ಳುವುದು. ಉಜ್ಜಿದ ಬಳಿಕ ದಪ್ಪ 3 ಮಿಲಿಮೀಟರನ್ನು ಮೀರಬಾರದು. ಈ ಗೂಡಿನಲ್ಲಂತೂ ಒಂದು ಮಿಲಿಮೀಟರೇ ಸಾಕೆಂದು ನಮ್ಮ ಮತ. ಮೂಗಿಗೆ ಮುಸುಕಿಲ್ಲದೆ ಈ ಹುಡಿಯ ನಡುವೆ ಹುಡುಗರನ್ನು ನಿಲ್ಲಿಸುವ ಯಜಮಾನನ ಬಳಿಗೆ ಮಕ್ಕಳನ್ನು ಕಳುಹಿಸದಿರುವುದೇ ಲೇಸು.

ಪುಟ್ಟಿ ಸಲ್ಲದ ಎಡೆಗಳೂ ಉಂಟು. ಹೊಗೆ ಹೋಗುವ ಕೊಳವೆಯ ಸಮೀಪದಲ್ಲಿ ಅದು ಬಾಳದು. ಅಲುಗುವ ಜೋಡಣೆಯ ಅಂಚುಗಳಿಗೆ ರಬ್ಬರಿನಂತೆ ಬಳುಕುವ ಸೀಲರೇ ತಕ್ಕುದು. ನೀರು ಹರಿದುಹೋಗುವ ರಂಧ್ರಗಳನ್ನು ಮುಚ್ಚಲೇಬಾರದು. ಗಾಡಿಯ ಗುರುತಿನ ಸಂಖ್ಯೆ ಕೊರೆದಿರುವ ಜಾಗವನ್ನು ಮುಟ್ಟಲೂ ಕೂಡದು. ಮುಂದಿನ ಚಕ್ರಗಳ ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿರುವ ಗೋಪುರದಂತಹ ಭಾಗ ಬಿರುಕು ಬಿಟ್ಟಿದ್ದರೆ, ಅದರ ಮೇಲೆ ಪುಟ್ಟಿ ಸವರಿ ಬಣ್ಣ ಬಳಿಯುವವನು ಸವಾರರ ಜೀವದೊಡನೆ ಆಡುತ್ತಾನೆ.

ಕೊಳ್ಳುವವರು ತೆಳುಬಟ್ಟೆಯಲ್ಲಿ ಸುತ್ತಿದ ಸಣ್ಣದೊಂದು ಅಯಸ್ಕಾಂತವನ್ನು ಜೇಬಿನಲ್ಲಿರಿಸಿಕೊಂಡರೆ ಸಾಕು. ಉಕ್ಕಿನ ಗೋಡೆಗೆ ಅದು ಚಕ್ಕನೆ ಅಂಟುತ್ತದೆ. ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಅಲ್ಯುಮಿನಿಯಮ್ ಭಾಗಗಳಿಗೆ ಈ ಪರೀಕ್ಷೆ ಸಲ್ಲದು. ಗೋಪುರದ ಬಳಿ ಜಾರಿತೆಂದರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ಚಕ್ರದ ಒಳಬದಿಯಿಂದ ದೀಪ ಹಿಡಿದು ನೋಡತಕ್ಕುದು.