ಒಬ್ಬರಿಗಾದರೂ ಒಲೆ ಹಚ್ಚೋಣ



ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಮ್ಮ ಸಂಘದ ವೈದ್ಯಕೀಯ ನೆರವಿನ ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅವುಗಳ ಬೆನ್ನಿಗೇ ಬರುವ ಮೂತ್ರಪಿಂಡದ ತೊಂದರೆ, ಇವೇ ಮತ್ತೆ ಮತ್ತೆ ಕಾಣುತ್ತವೆ. ಅರ್ಜಿದಾರರಲ್ಲಿ ಒಂಟಿಯಾಗಿರುವ ಹಿರಿಯರು ಹಲವರು. ಸಾಂತಾಕ್ರೂಜ್, ವಾಕೋಲಾ ಕಡೆ ಅವರ ಮನೆಗೆ ಹೋದರೆ ಮಾತ್ರೆಯ ಡಬ್ಬಿ ತುಂಬಿರುತ್ತದೆ. ಅಡುಗೆಮನೆಯಲ್ಲಿ ಚಹಾ, ಖಾರಿ, ಪಾವ್, ನೂಡಲ್ಸ್ ಪೊಟ್ಟಣ. "ಒಬ್ಬನಿಗೆಂಥ ಅಡುಗೆ ಮಾರಾಯ್ರೇ?" ಎನ್ನುತ್ತಾರೆ. ಸಂಘವು ಔಷಧಿಯ ಬಿಲ್ಲು ಕಟ್ಟಬಹುದು, ಆದರೆ ಊಟ ಸರಿಯಿಲ್ಲದಿದ್ದರೆ ಆ ಹಣದ ಅರ್ಧ ಫಲ ಸಿಗುವುದಿಲ್ಲ. ನಾನೂ ಕೆಲವು ವರ್ಷಗಳಿಂದ ಒಬ್ಬನಿಗೇ ಅಡುಗೆ ಮಾಡಿಕೊಳ್ಳುವವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮುಂಬಯಿಗೆ ಊಟ ಬಡಿಸಿದವರು ನಾವು. 1942ರಲ್ಲಿ ಎ. ರಾಮ ನಾಯಕ್ ಅವರು ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಅನ್ನ, ಸಾರು, ಪಲ್ಯ, ಮಜ್ಜಿಗೆಯೇ ಊಟ. ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ನೂರು ಜನಕ್ಕೆ ಅಡುಗೆ ಮಾಡಿದವರು. ಒಬ್ಬರಿಗೆ ಮಾಡುವ ಅಳತೆ ಮಾತ್ರ ರೂಢಿಯಿಲ್ಲ.

ಯಾವುದು "ಸಂಸ್ಕರಿಸಿದ" ಆಹಾರ ಎಂಬ ಗೊಂದಲ ಬೇಡ. ಭತ್ತವನ್ನು ಕುಚ್ಚುವುದೂ ಸಂಸ್ಕರಣೆಯೇ, ಆದರೆ ಹಾಗೆ ಮಾಡಿದಾಗ ತೌಡಿನ ಬಿ ಜೀವಸತ್ವದ ಒಂದು ಭಾಗ ಅಕ್ಕಿಯೊಳಗೆ ಇಳಿಯುತ್ತದೆ. ಪೊಟ್ಟಣ ಕೊಳ್ಳುವಾಗ ಹಿಂಬದಿ ಓದಿ. ಯಾವ ವಸ್ತು ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರುತ್ತದೆ. ಮೈದಾ, ಸಕ್ಕರೆ, ಎಣ್ಣೆ ಮೊದಲಿದ್ದು, ನಮ್ಮ ಅಡುಗೆಮನೆಯಲ್ಲಿ ಎಂದೂ ಇರದ ಹೆಸರುಗಳು ಸಾಲಾಗಿ ಬಂದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ.

ನಮಗೆ ಬೇಕಾದದ್ದೆಲ್ಲ ಇಲ್ಲಿನ ಕಿರಾಣಿ ಅಂಗಡಿಯಲ್ಲಿದೆ, ಹೆಸರು ಮಾತ್ರ ಬೇರೆ. ಕುಚ್ಚಲಕ್ಕಿಗೆ ಉಕಡಾ, ರಾಗಿಗೆ ನಾಚ್ಣಿ, ಹುರುಳಿಗೆ ಕುಳೀಥ್ ಎನ್ನಿ. ಭಾಜಿವಾಲಾ ಮಾರುವ ಲಾಲ್ ಮಾಠ್ ನಮ್ಮ ಕೆಂಪು ಹರಿವೆಯೇ.

ಒಬ್ಬರ ಒಂದು ದಿನದ ಲೆಕ್ಕ ಹೀಗೆ:

ಬೆಳಿಗ್ಗೆ: ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ತಿರುವಿ. ಆರಿದ ಮೇಲೆ ಮಜ್ಜಿಗೆ ಬೆರೆಸಿದರೆ ಅಂಬಲಿ.

ಮಧ್ಯಾಹ್ನ: ಅರ್ಧ ಲೋಟ ಕುಚ್ಚಲಕ್ಕಿಗೆ ಆರು ಪಟ್ಟು ನೀರು. ಅದೇ ಕುಕ್ಕರಿನಲ್ಲಿ ಚಿಕ್ಕ ಬಟ್ಟಲಿಟ್ಟು, ರಾತ್ರಿ ನೆನೆಸಿದ ಒಂದು ಹಿಡಿ ಹೆಸರುಕಾಳು. ಎರಡು ಹೊತ್ತಿನ ಗಂಜಿ, ಕಾಳು ಒಂದೇ ಉರಿಯಲ್ಲಿ ಆಗುತ್ತದೆ. ಬದಿಯಲ್ಲಿ ಒಂದು ಚಮಚ ಎಣ್ಣೆ, ಸಾಸಿವೆ, ಬೆಳ್ಳುಳ್ಳಿ ಹಾಕಿ ಹರಿವೆ ಬಾಡಿಸಿ, ಮೇಲೆ ಚೂರು ತೆಂಗಿನತುರಿ.

ರಾತ್ರಿ: ಉಳಿದ ಗಂಜಿ, ಕಾಳು, ಮೊಸರು. ಗಂಜಿಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮುಂಬಯಿಯ ಸೆಖೆಯಲ್ಲಿ ಹೊರಗಿಟ್ಟ ಅನ್ನದಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. 30 ಗ್ರಾಂ ಹೆಸರುಕಾಳಿನಿಂದ ಸುಮಾರು 7 ಗ್ರಾಂ ಜಮೆ. ಉಳಿದದ್ದು ಅಕ್ಕಿ, ರಾಗಿ, ಮೊಸರು, ಇನ್ನೊಂದು ಹಿಡಿ ಕಾಳು, ತಿನ್ನುವವರಿಗೆ ಮೊಟ್ಟೆ ಅಥವಾ ಬಂಗುಡೆಯಿಂದ ಸೇರಬೇಕು. ಚಹಾ, ಖಾರಿಯಿಂದ ಈ ಲೆಕ್ಕ ಎಂದೂ ತಾಳೆಯಾಗದು.

ಉಪ್ಪಿನದು ಖರ್ಚಿನ ಬಾಬ್ತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ, ಅಂದರೆ ಒಂದು ಟೀ ಚಮಚದೊಳಗೆ. ಪೊಟ್ಟಣದ ಮೇಲೆ ಸೋಡಿಯಂ 400 ಮಿಲಿಗ್ರಾಂ ಎಂದಿದ್ದರೆ ಅದು 1 ಗ್ರಾಂ ಉಪ್ಪಿಗೆ ಸಮ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನಿಗೂ ಇದೇ ಲೆಕ್ಕ. ಮನೆಯಲ್ಲೇ ಮಾಡಿದ್ದೆಂದು ರಿಯಾಯಿತಿ ಇಲ್ಲ.

ಎರಡು ಎಚ್ಚರಿಕೆ. ಸಕ್ಕರೆ ಕಾಯಿಲೆಯವರಿಗೆ ರಾಗಿ, ಗಂಜಿಯೂ ಪಿಷ್ಟವೇ, ಅಳತೆ ಮೀರಬಾರದು. ಮೂತ್ರಪಿಂಡದ ತೊಂದರೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮೇಲಿನ ಪಟ್ಟಿಯನ್ನು ತಾವಾಗಿಯೇ ಅನುಸರಿಸಬೇಡಿ. ಸೊಪ್ಪು, ಕಾಳುಗಳ ಪೊಟ್ಯಾಶಿಯಂ ಅವರಿಗೆ ಅಪಾಯ ತರಬಹುದು. "ಕಡಿಮೆ ಸೋಡಿಯಂ" ಉಪ್ಪಿನಲ್ಲೂ ಅದೇ ಇರುತ್ತದೆ. ವೈದ್ಯರನ್ನು ಕೇಳಿಯೇ ತಿನ್ನಿ. ಯಾರೂ ಊಟ ಬದಲಿಸಿದೆವೆಂದು ಮಾತ್ರೆ ನಿಲ್ಲಿಸಬಾರದು.

ದಾನಿಗಳಲ್ಲಿ ನನ್ನ ವಿನಂತಿ ಎರಡು. ವೈದ್ಯಕೀಯ ನಿಧಿಗೆ ಎಂದಿನಂತೆ ಕೈಲಾದಷ್ಟು ನೀಡಿ. ಡಯಾಲಿಸಿಸ್, ಶಸ್ತ್ರಚಿಕಿತ್ಸೆಯ ಖರ್ಚು ಗಂಜಿಯಿಂದ ತೀರುವುದಿಲ್ಲ. ಜೊತೆಗೆ, ನಿಮ್ಮ ಕಟ್ಟಡದಲ್ಲಿ ಒಂಟಿಯಾಗಿರುವ ಹಿರಿಯರೊಬ್ಬರಿದ್ದರೆ ವಾರಕ್ಕೊಮ್ಮೆ ಮಾರುಕಟ್ಟೆಯಿಂದ ಒಂದು ಜೂಡಿ ಸೊಪ್ಪು, ಅರ್ಧ ಕಿಲೋ ಕಾಳು ತಂದುಕೊಡಿ. ಮೆಟ್ಟಿಲು ಇಳಿಯಲಾರದೆ ಖಾರಿ ತಿಂದು ಮಲಗುವವರಿಗೆ ಅಷ್ಟರಿಂದಲೇ ಒಲೆ ಹಚ್ಚುವ ಮನಸ್ಸು ಬರುತ್ತದೆ.